ಪರಂಪರೆ ಉಳಿಸುವ ಟ್ರಸ್ಟಿಗೆ ದೇಣಿಗೆ ಮುಂದುವರಿಸಬೇಕೇ? ಕೊಟ್ಟ ಹಣದ ಲೆಕ್ಕವನ್ನು ಹೇಗೆ ನೋಡಬೇಕು?

ನಿವೃತ್ತ ಮಾಸ್ತರ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಭಾಗದ ಹಳೆಯ ಗುಡಿ, ಗುಮ್ಮಟ, ಬಾವಿ, ಶಾಸನಗಳನ್ನು ಉಳಿಸುವ ಉದ್ದೇಶದ ಒಂದು ಟ್ರಸ್ಟಿಗೆ ನಾನು ಪಿಂಚಣಿಯಲ್ಲಿ ಒಂದಿಷ್ಟು ತೆಗೆದಿಟ್ಟು ಪ್ರತಿ ವರ್ಷ ದೇಣಿಗೆ ಕೊಡುತ್ತ ಬಂದಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಅವರು ತಪ್ಪು ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಮಾಡಿಲ್ಲವೆಂದು ಖಚಿತ ಮಾಡಿಕೊಳ್ಳುವ ದಾರಿ ನನಗೆ ಕಾಣುತ್ತಿಲ್ಲ, ಅಷ್ಟೇ.

ನಾನು ಕೊಡಲು ಶುರುಮಾಡಿದ್ದಕ್ಕೆ ಸನ್ನತಿ ಕಾರಣ. ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಆ ಊರಿನಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿದುಬಂತು. ಮುಂದೆ ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪವೂ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಶಿಲ್ಪವೂ ಹೊರಬಂದವು. ಅಲ್ಲಿನ ಕೆತ್ತನೆಯ ಚಪ್ಪಡಿಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಬಯಲಲ್ಲಿ ಒರಗಿದ್ದುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಜಗತ್ತೇ ಬಂದು ನೋಡಬೇಕಾದದ್ದಕ್ಕೆ ಈ ಗತಿಯಾದರೆ, ಯಾವ ಪಟ್ಟಿಯಲ್ಲೂ ಇಲ್ಲದ ಊರಮುಂದಿನ ವೀರಗಲ್ಲನ್ನು ಯಾರು ಕೇಳುತ್ತಾರೆ ಎನಿಸಿ ಟ್ರಸ್ಟಿನ ಸದಸ್ಯನಾದೆ.

ಈ ವರ್ಷ ಅವರ ವಾರ್ಷಿಕ ವರದಿ ಅಂಚೆಯಲ್ಲಿ ಬಂತು. ನುಣುಪು ಕಾಗದ, ಬಣ್ಣದ ಚಿತ್ರಗಳು, ಶಾಲು ಹೊದಿಸಿಕೊಂಡ ಗಣ್ಯರು. ಲೆಕ್ಕಕ್ಕೆ ಮಾತ್ರ ಕೊನೆಯಲ್ಲಿ ಅರ್ಧ ಪುಟ. ಅದರಲ್ಲಿ ಖರ್ಚಿನ ಬಾಬು ಮೂರೇ: ಸಂರಕ್ಷಣಾ ಚಟುವಟಿಕೆ, ಜಾಗೃತಿ ಕಾರ್ಯಕ್ರಮ, ಆಡಳಿತ ವೆಚ್ಚ. ಜಾಗೃತಿಗೆ ಹೋದ ಹಣ ಸಂರಕ್ಷಣೆಗೆ ಹೋದದ್ದಕ್ಕಿಂತ ಹೆಚ್ಚು. ಸಂರಕ್ಷಣೆ ಎಂದರೆ ಯಾವ ಊರು, ಯಾವ ಕಟ್ಟಡ, ಏನು ಕೆಲಸ ಎಂಬುದು ಎಲ್ಲಿಯೂ ಇಲ್ಲ. ಫೋನು ಮಾಡಿ ಕೇಳಿದರೆ, “ಆಡಿಟ್ ಆಗಿದೆ ಸರ್, ತಾವು ಅನುಮಾನ ಇಟ್ಟುಕೊಳ್ಳಬಾರದು” ಎಂಬ ಉತ್ತರ ಬಂತು. ಅವರ ದನಿಯಲ್ಲಿ ಮರ್ಯಾದೆಗೇನೂ ಕೊರತೆ ಇರಲಿಲ್ಲ. ಇಲ್ಲಿ ಬಲ್ಲವರು ಹೇಳಬೇಕು: ಕೊಡುವುದನ್ನು ನಿಲ್ಲಿಸಬೇಕೇ, ಮುಂದುವರಿಸಬೇಕೇ, ಮುಂದುವರಿಸುವುದಾದರೆ ಏನನ್ನು ನೋಡಿ ನಂಬಬೇಕು?

ತೆರಿಗೆದಾರ, ಕಲಬುರಗಿ

ಮಾಸ್ತರ್ ಸಾಹೇಬರೇ, ನನ್ನ ಅಭಿಪ್ರಾಯ ಕೊಂಚ ಒರಟಾಗಿ ಕಂಡರೆ ಕ್ಷಮಿಸಿ. ಹಫ್ತ್ ಗುಂಬಜ್ ಇರಲಿ, ನಮ್ಮ ಕೋಟೆ ಇರಲಿ, ಅವುಗಳನ್ನು ನೋಡಿಕೊಳ್ಳಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇದೆ. ಅದರ ಪಟ್ಟಿಯಲ್ಲಿಲ್ಲದ ಎಷ್ಟೋ ಸ್ಮಾರಕಗಳಿಗೆ ರಾಜ್ಯದ ಇಲಾಖೆ ಇದೆ. ಎರಡಕ್ಕೂ ನಾವು ತೆರಿಗೆ ಕಟ್ಟುತ್ತೇವೆ. ಅದರ ಮೇಲೆ ಟ್ರಸ್ಟಿಗೂ ಕೊಟ್ಟರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ತೆತ್ತಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ಟ್ರಸ್ಟುಗಳು ಇವೆ ಎಂಬ ನೆಪದಲ್ಲಿ ಇಲಾಖೆಗಳು ಕೈತೊಳೆದುಕೊಳ್ಳುತ್ತವೆ. ಪಾರಂಪರಿಕ ನಡಿಗೆ ಎಂದು ಭಾನುವಾರ ಬೆಳಿಗ್ಗೆ ಟೋಪಿ ಹಂಚಿ, ಸೆಲ್ಫಿ ತೆಗೆಸಿ, ಉಪ್ಪಿಟ್ಟು ತಿನ್ನಿಸಿ ಕಳಿಸುವುದಕ್ಕೆ ನಿಮ್ಮ ಪಿಂಚಣಿ ಏಕೆ ಹೋಗಬೇಕು? ಆ ಹಣವನ್ನು ನೀವು ಪಾಠ ಮಾಡಿದ ಶಾಲೆಯ ಗ್ರಂಥಾಲಯಕ್ಕೆ ಕೊಡಿ.

ಲೆಕ್ಕದ ಪುಸ್ತಕ, ಬೀದರ್

ಗುರುಗಳೇ, ನಾನು ಲೆಕ್ಕ ಪರಿಶೋಧಕರ ಕಚೇರಿಯೊಂದರಲ್ಲಿ ಟ್ರಸ್ಟು, ಸಂಘ ಸಂಸ್ಥೆಗಳ ಲೆಕ್ಕಪತ್ರ ನೋಡುವವನು. ಆದ್ದರಿಂದ ಮೊದಲು ನಿಮಗೆ ಸಿಕ್ಕ ಆ ಉತ್ತರದ ಬಗ್ಗೆ ಹೇಳುತ್ತೇನೆ. ‘ಆಡಿಟ್ ಆಗಿದೆ’ ಎಂಬುದು ನಿಜವಿರಬಹುದು, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಲೆಕ್ಕ ಪರಿಶೋಧಕರು ನೋಡುವುದು ಬಂದ ಹಣಕ್ಕೆ ರಸೀದಿ ಇದೆಯೇ, ಹೋದ ಹಣಕ್ಕೆ ವೋಚರ್ ಇದೆಯೇ, ಬ್ಯಾಂಕಿನ ಪಾಸ್‌ಬುಕ್ಕಿಗೂ ಪುಸ್ತಕಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು. ಹತ್ತು ಸಾವಿರದ ಕೆಲಸಕ್ಕೆ ನಲವತ್ತು ಸಾವಿರದ ಬಿಲ್ಲು ಕ್ರಮಬದ್ಧವಾಗಿ ಬಂದಿದ್ದರೆ, ಅಥವಾ ಮಾಡಲೇಬಾರದಿದ್ದ ಕೆಲಸಕ್ಕೆ ಸರಿಯಾದ ಬಿಲ್ಲೇ ಇದ್ದರೆ, ಆಡಿಟ್ ವರದಿಯಲ್ಲಿ ಬಹುಮಟ್ಟಿಗೆ ಅದು ಸುಳಿಯುವುದೇ ಇಲ್ಲ.

ಎರಡನೆಯದಾಗಿ, ಟ್ರಸ್ಟುಗಳ ಮೇಲಿನ ಮೇಲ್ವಿಚಾರಣೆ ನಮ್ಮ ಕಡೆ ಜನ ಅಂದುಕೊಂಡಷ್ಟು ಬಿಗಿಯಾಗಿಲ್ಲ. ಗಡಿ ದಾಟಿ ಮಹಾರಾಷ್ಟ್ರದ ಲಾತೂರಿಗೋ ಸೊಲ್ಲಾಪುರಕ್ಕೋ ಹೋದರೆ ಅಲ್ಲಿನ 1950ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಟ್ರಸ್ಟುಗಳು ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಒಪ್ಪಿಸಬೇಕು. ಅಂಥ ಕಚೇರಿ ನಮ್ಮ ಭಾಗದಲ್ಲಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಾಯಿಸಿದ ಸಂಘವಾದರೆ ನೋಂದಣಾಧಿಕಾರಿಗೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವ ಕರ್ತವ್ಯವಿದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡೀಡು ಮಾಡಿಸಿದ ಟ್ರಸ್ಟಾದರೆ, ಅದು ನಿಜವಾಗಿ ಲೆಕ್ಕ ಕೊಡುವುದು ಆದಾಯ ತೆರಿಗೆ ಇಲಾಖೆಗೆ ಮಾತ್ರ. ಆದ್ದರಿಂದ ನೀವು ಸದಸ್ಯರಾಗಿರುವುದು ಯಾವ ಬಗೆಯ ಸಂಸ್ಥೆಗೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಸಂಘದಲ್ಲಿ ಸದಸ್ಯನಿಗೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ. ಟ್ರಸ್ಟಿನಲ್ಲಿ ‘ಸದಸ್ಯ’ ಎಂಬ ಕಾರ್ಡು ಕೊಟ್ಟಿದ್ದರೂ ಅಧಿಕಾರವೆಲ್ಲ ಟ್ರಸ್ಟಿಗಳ ಕೈಯಲ್ಲೇ ಇರುತ್ತದೆ.

ಆದಾಯ ತೆರಿಗೆಯ ವಿಷಯದಲ್ಲಿ ಒಂದು ಸಂಗತಿ ನಿಮಗೆ ಉಪಯೋಗಕ್ಕೆ ಬರುತ್ತದೆ. 80ಜಿ ಎಂದು ನಾವೆಲ್ಲ ಕರೆಯುವ, ದಾನಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿಗೆ ಮಾನ್ಯತೆ ಇರುವ ಸಂಸ್ಥೆ, ವರ್ಷದ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ಪ್ರತಿಯೊಬ್ಬರಿಗೂ 10ಬಿಇ ಎಂಬ ಪ್ರಮಾಣಪತ್ರ ಕೊಡುವ ಪದ್ಧತಿ ಬಂದು ಕೆಲವು ವರ್ಷಗಳಾದವು. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿ ಇಲ್ಲದಿದ್ದರೆ ರಿಯಾಯಿತಿ ಸಿಗುವುದಿಲ್ಲ, ನಿಜ. ಆದರೂ ಆ ಪ್ರಮಾಣಪತ್ರ ಕೇಳಿ ಪಡೆಯಿರಿ. ನಿಮ್ಮ ಹಣ ಸಂಸ್ಥೆಯ ಪುಸ್ತಕದೊಳಗೆ ಬಂದಿದೆ ಎನ್ನುವುದಕ್ಕೆ ಕೈಬರಹದ ರಸೀದಿಗಿಂತ ಅದು ಗಟ್ಟಿಯಾದ ಸಾಕ್ಷಿ. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿಯೂ ಇಲ್ಲ; ನಗದನ್ನೇ ಕೊಡಿ ಎಂದು ಒತ್ತಾಯಿಸುವವರಿಂದ ದೂರವಿರಿ.

ಇನ್ನು ಆ ಮೂರು ಬಾಬುಗಳು. ಬಹಳ ಜನ ದಾನಿಗಳು ಆಡಳಿತ ವೆಚ್ಚದ ಶೇಕಡಾವಾರು ನೋಡಿ ಸಂಸ್ಥೆಯನ್ನು ಅಳೆಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ವಿದೇಶದಿಂದ ದೇಣಿಗೆ ಪಡೆಯುವ ಸಂಸ್ಥೆಗಳಿಗೆ 2020ರ ತಿದ್ದುಪಡಿಯ ನಂತರ, ಆ ಹಣದಲ್ಲಿ ಆಡಳಿತಕ್ಕೆ ಶೇ 20ಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂಬ ಮಿತಿ ಇದೆ. ಮೊದಲು ಅದು ಶೇ 50 ಇತ್ತು. ಇಂಥ ಮಿತಿಗಳಿಂದ ಒಂದಿಷ್ಟು ಶಿಸ್ತು ಬಂದಿರಬಹುದು, ಆದರೆ ಬುದ್ಧಿವಂತ ಕಾರ್ಯದರ್ಶಿಯೊಬ್ಬ ಕಚೇರಿಯ ಬಾಡಿಗೆ, ಕಾರಿನ ಡೀಸೆಲ್ಲುಗಳನ್ನೆಲ್ಲ ‘ಜಾಗೃತಿ ಕಾರ್ಯಕ್ರಮ’ದ ತಲೆಬರಹದಡಿ ಬರೆಸಿ ಆಡಳಿತ ವೆಚ್ಚವನ್ನು ಶೇ 3ಕ್ಕೆ ಇಳಿಸಿ ತೋರಿಸಬಲ್ಲ. ಇನ್ನೊಂದು ಕಡೆ, ಒಬ್ಬ ಒಳ್ಳೆಯ ಎಂಜಿನಿಯರನಿಗೆ ಪ್ರಾಮಾಣಿಕವಾಗಿ ಸಂಬಳ ಕೊಡುವ ಸಂಸ್ಥೆ ಕಾಗದದ ಮೇಲೆ ದುಂದುಗಾರನಂತೆ ಕಾಣುತ್ತದೆ. ಆದ್ದರಿಂದ ಶೇಕಡಾವಾರು ಬಿಟ್ಟು, ಖರ್ಚಿನ ಬಾಬುಗಳ ಹಿಂದಿನ ಅನುಸೂಚಿಯನ್ನು, ಅಂದರೆ ಪ್ರತಿ ಬಾಬಿನ ವಿವರ ಪಟ್ಟಿಯನ್ನು ಕೇಳಿ. ಪ್ರತಿ ಲೆಕ್ಕಪತ್ರದ ಹಿಂದೆ ಅದು ಇದ್ದೇ ಇರುತ್ತದೆ. ಅರ್ಧ ಪುಟಕ್ಕೆ ಇಳಿಸಿದ್ದು ಅಚ್ಚು ಹಾಕುವಾಗ. ಕಳಿಸಲು ಐದು ನಿಮಿಷ ಸಾಕು. ಕಳಿಸದಿದ್ದರೆ ಅದೂ ನಿಮಗೊಂದು ಮಾಹಿತಿಯೇ.

ತೆರಿಗೆದಾರರ ಮಾತಿಗೆ ಒಂದು ಸೇರ್ಪಡೆ. ಟ್ರಸ್ಟು ಸರ್ಕಾರದಿಂದ ಗಣನೀಯ ಪ್ರಮಾಣದಲ್ಲಿ ಅನುದಾನ ಪಡೆಯುತ್ತಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನೇ ಪ್ರಶ್ನಿಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಂದರೆ ಸರ್ಕಾರದ ಹಣ ಎಲ್ಲಿಗೆ ಹೋದರೂ ಕೇಳುವ ದಾರಿ ಅದರ ಹಿಂದೆಯೇ ಹೋಗುತ್ತದೆ. ನಿಮ್ಮ ಸ್ವಂತ ಹಣದ ಹಿಂದೆ ಹೋಗಬೇಕಾದವರು ನೀವೇ.

ಗಾರೆ ಕೆಲಸ, ಬೀದರ್

ನಾನು ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಮೇಲ್ವಿಚಾರಕನಾಗಿ ದುಡಿದವನು. ಮೇಲಿನವರು ಕಾಗದ ನೋಡಿ ಹೇಳಿದ್ದಾರೆ. ಗುರುಗಳೇ, ನೀವು ಕಟ್ಟಡವನ್ನೂ ನೋಡಬೇಕೆಂದು ನನ್ನ ವಿನಂತಿ. ಸಂರಕ್ಷಣೆಯ ಹಣ ಎಲ್ಲಿ ಹೋಗುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಅನುಸೂಚಿ ಕೈಗೆ ಬಂದರೂ ಏನನ್ನು ಕೇಳಬೇಕೆಂದು ತೋಚುವುದಿಲ್ಲ.

ಬೀದರ್‌ನ ಹಳೆಯ ಗೋಡೆಗಳಲ್ಲಿ ಬಹುಪಾಲು ಕೆಂಪು ಜಂಬಿಟ್ಟಿಗೆ ಕಲ್ಲಿನವು. ಅದು ತೂತುತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಆ ತೇವವನ್ನು ಸುಣ್ಣದ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ, ಉಪ್ಪು ಹರಳುಗಟ್ಟುತ್ತದೆ, ಕೆಲವೇ ವರ್ಷಗಳಲ್ಲಿ ಸಿಮೆಂಟು ಗಟ್ಟಿಯಾಗಿ ನಿಂತಿದ್ದು ಅದರ ಹಿಂದಿನ ಕಲ್ಲು ಹುಡಿಯಾಗಿ ಉದುರುತ್ತದೆ. ಸುಣ್ಣದ ಕೆಲಸವೋ ನಿಧಾನದ್ದು. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ವಾರಗಟ್ಟಲೆ ನೀರಲ್ಲಿ ಇಡಬೇಕು. ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಬೆಲ್ಲದ ನೀರು, ಬಿಲ್ವಕಾಯಿಯ ರಸ ಬೆರೆಸುವ ರೂಢಿ ಈಗಲೂ ಇದೆ. ಮೆತ್ತಿದ ಮೇಲೆ ಗೋಣಿತಟ್ಟು ಹೊದಿಸಿ ದಿನವೂ ನೀರು ಹೊಡೆಯಬೇಕು. ಹೀಗಾಗಿ ಬಿಲ್ಲಿನಲ್ಲಿ ಸಾಮಾನಿನ ಮೊತ್ತ ಚಿಕ್ಕದು, ಕೂಲಿಯ ಮೊತ್ತ ದೊಡ್ಡದು ಇರುತ್ತದೆ. ದಾನಿಗಳಿಗೆ ಇದು ತಲೆಕೆಳಗಾಗಿ ಕಾಣುತ್ತದೆ. “ಇಷ್ಟು ಕೂಲಿಯೇ? ಸಾಮಾನು ಏನು ಕೊಂಡಿರಿ?” ಎಂದು ಕೇಳುತ್ತಾರೆ. ಕೂಲಿ ಕಡಿಮೆಯಿದ್ದು ಸಿಮೆಂಟಿನ ಚೀಲಗಳ ಬಿಲ್ಲು ಉದ್ದವಿದ್ದರೆ ಅನುಮಾನಪಡಬೇಕಾದದ್ದು ಆಗ. ಹಣ ನುಂಗದೆಯೂ ಸ್ಮಾರಕವನ್ನು ಹಾಳುಮಾಡಲು ಸಾಧ್ಯ, ಪೂರ್ತಿ ಪ್ರಾಮಾಣಿಕತೆಯಿಂದ ಹಾಳುಮಾಡಿದವರನ್ನು ನಾನು ಕಂಡಿದ್ದೇನೆ.

ಒಮ್ಮೆ ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಗುಮ್ಮಟಕ್ಕೆ ನಮ್ಮನ್ನು ಕರೆದಿದ್ದರು. ಅದರ ನೆತ್ತಿಯ ಬಿರುಕಿನಲ್ಲಿ ಅರಳಿ ಸಸಿಯೊಂದು ಮೊಳಕಾಲೆತ್ತರ ಬೆಳೆದಿತ್ತು. ಬೇರು ಒಳಗಿನ ಗಾರೆಯನ್ನು ಸೀಳಿಕೊಂಡು ಕೆಳಗಿನ ಕಮಾನಿನ ತನಕ ಇಳಿದಿತ್ತು. ಚಿಗುರಿದ್ದಾಗಲೇ ಕಿತ್ತಿದ್ದರೆ ಒಬ್ಬ ಆಳಿನ ಅರ್ಧ ದಿನದ ಕೆಲಸ ಅದು. ನಾವು ಹೋದಾಗ ಸಾರುವೆ ಕಟ್ಟಿ, ಕಲ್ಲು ಬಿಚ್ಚಿ, ಬೇರು ತೆಗೆದು, ಮತ್ತೆ ಕಟ್ಟಬೇಕಾಯಿತು. ಸಸಿ ಕೀಳುವುದಕ್ಕೆ ದಾನ ಕೇಳಿದರೆ ಯಾರೂ ಕೊಡುವುದಿಲ್ಲ, ಗುಮ್ಮಟ ಬೀಳುವಂತಾದಾಗ ಕೇಳಿದರೆ ಕೊಡುತ್ತಾರೆ. ಟ್ರಸ್ಟುಗಳೂ ಇದನ್ನು ಬೇಗ ಕಲಿತುಬಿಡುತ್ತವೆ. ನೌಬಾದ್‌ನ ಕರೇಜ್ ಕೂಡ ಹೀಗೆಯೇ. ಬಹಮನಿಗಳ ಕಾಲದ ಆ ನೆಲದಡಿಯ ಕಾಲುವೆಯ ಹೂಳು ತೆಗೆದಾಗ ಎಲ್ಲರೂ ಸಂಭ್ರಮಿಸಿದೆವು. ಬೀದರ್ ನಗರ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2014ರ ಕಾವಲು ಪಟ್ಟಿಗೆ, ಅಂದರೆ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ, ಸೇರಿದಾಗಲೂ ಸಂಭ್ರಮಿಸಿದ್ದೆವು. ಆದರೆ ಆ ಕರೇಜ್‌ನಲ್ಲಿ ಮತ್ತೆ ಹೂಳು ತುಂಬದಂತೆ ವರ್ಷ ವರ್ಷವೂ ನೋಡಿಕೊಳ್ಳುವ ಖರ್ಚಿಗೆ ಉದ್ಘಾಟನೆಯೂ ಇಲ್ಲ, ಫಲಕವೂ ಇಲ್ಲ. ನಿಮ್ಮ ಟ್ರಸ್ಟಿನ ಲೆಕ್ಕದಲ್ಲಿ ‘ನಿರ್ವಹಣೆ’ ಎಂಬ ಬಾಬು ಇದೆಯೇ ನೋಡಿ. ಇದ್ದರೆ ಅವರು ಕೆಲಸ ಬಲ್ಲವರು ಎಂದು ನಾನು ಅರ್ಧ ನಂಬುತ್ತೇನೆ.

ಇನ್ನೊಂದು ಮುಖ್ಯ ವಿಷಯ. ಕೇಂದ್ರ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವನ್ನು ಯಾವ ಟ್ರಸ್ಟೂ ತಾನಾಗಿ ಮುಟ್ಟುವಂತಿಲ್ಲ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಸುತ್ತಲ ನೂರು ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ಆದ್ದರಿಂದ “ಕೋಟೆಯನ್ನು ನಾವು ಉಳಿಸಿದೆವು”, “ಮಹಮೂದ್ ಗವಾನ್ ಮದರಸಾದ ಜೀರ್ಣೋದ್ಧಾರ ಮಾಡಿದೆವು” ಎಂದು ಯಾವುದಾದರೂ ಸಂಸ್ಥೆ ವರದಿಯಲ್ಲಿ ಬರೆದರೆ, ಇಲಾಖೆಯ ಅನುಮತಿ ಪತ್ರವೋ ಒಪ್ಪಂದವೋ ಎಲ್ಲಿದೆ ಎಂದು ಕೇಳಿ. ಅಂಥ ದೊಡ್ಡ ಸ್ಮಾರಕಕ್ಕೇ ಹಣ ಕೊಡಬೇಕೆಂಬ ಆಸೆಯಿದ್ದವರಿಗೆ ಕೇಂದ್ರ ಸರ್ಕಾರ 1996ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿ ಇದೆ. ಅಲ್ಲಿ ಇಂಥದೇ ಸ್ಮಾರಕಕ್ಕೆಂದು ಗುರುತಿಸಿ ಕೊಡಲು ಅವಕಾಶವಿದೆ. ಊರಿನ ಟ್ರಸ್ಟುಗಳಿಗೆ ನಿಜವಾಗಿ ಉಳಿಯುವುದು ಪಟ್ಟಿಯ ಹೊರಗಿನ ಕಟ್ಟಡಗಳು. ತೆರಿಗೆದಾರರು ಹೇಳಿದ ಎರಡೂ ಇಲಾಖೆಗಳು ಅವುಗಳ ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಎರಡು ಸಲ ಹಣ ತೆತ್ತಂತಾಗುತ್ತದೆ ಎಂಬ ವಾದ ಅಲ್ಲಿಗೆ ಅನ್ವಯಿಸದು.

(ಒಂದು ಮಾತು ಪಕ್ಕಕ್ಕೆ: ದಾನಿಗಳಲ್ಲಿ ಕೆಲವರು “ನನ್ನ ಹಣ ನಮ್ಮವರ ಗುಡಿಗೆ ಮಾತ್ರ” ಎಂದು ಷರತ್ತು ಹಾಕುತ್ತಾರೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟಕ್ಕೆ ನಡೆದುಕೊಳ್ಳುವವರಲ್ಲಿ ಆತನನ್ನು ಅಲ್ಲಮಪ್ರಭು ಎಂದೇ ಪೂಜಿಸುವವರೂ ಇದ್ದಾರೆ. ‘ನಮ್ಮವರು’ ಯಾರೆಂದು ಅಲ್ಲಿ ಹೋಗಿ ಇವರೇ ವಿಂಗಡಿಸಿ ಕೊಡಲಿ.)

ಗುಡ್ಡದ ಕೆಳಗಿನವಳು, ಸುರಪುರ

ಬೀದರ್‌ನ ಅಣ್ಣನವರಿಬ್ಬರೂ ಬಹಳ ತಿಳಿವಳಿಕೆಯಿಂದ ಬರೆದಿದ್ದಾರೆ. ಆದರೂ ಯಾದಗಿರಿ ಜಿಲ್ಲೆಯ ಕಡೆಯಿಂದ ನಾನೊಂದು ತಕರಾರು ಎತ್ತಬೇಕು. ಅನುಸೂಚಿ, 10ಬಿಇ, ಒಪ್ಪಂದ ಇವೆಲ್ಲ ನಗರದ ಟ್ರಸ್ಟುಗಳಿಗೆ ಸರಿ. ನಮ್ಮಲ್ಲಿ ಕೆಲಸ ಮಾಡುವವರು ಊರಿನ ಏಳೆಂಟು ಜನ. ಅವರಿಗೆ 80ಜಿಯೂ ಇಲ್ಲ, ಕಚೇರಿಯೂ ಇಲ್ಲ, ಒಂದು ವಾಟ್ಸಾಪ್ ಗುಂಪು ಇದೆ. ನೀವು ಹೇಳಿದ ಕಾಗದಗಳನ್ನು ಕೇಳಿದರೆ ಅವರು ಮೊದಲ ಸುತ್ತಿನಲ್ಲೇ ಹೊರಗೆ ಉಳಿಯುತ್ತಾರೆ, ನುಣುಪು ವರದಿ ಅಚ್ಚು ಹಾಕಿಸುವವರೇ ಗೆಲ್ಲುತ್ತಾರೆ.

ನಮ್ಮ ಹತ್ತಿರದ ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿಯ ಗೋಡೆಗೆ ಒರಗಿಸಿದ್ದ ಶಾಸನದ ಕಲ್ಲಿಗೆ ಜಾತ್ರೆ ಬಂದಾಗಲೆಲ್ಲ ಎಣ್ಣೆ ಬಣ್ಣ ಬಳಿಯುತ್ತಿದ್ದರು. ಕೆಳಗೆ ಹಳದಿ, ಮೇಲೆ ಹಸಿರು, ಅದರ ಮೇಲೆ ಕೇಸರಿ. ಅಕ್ಷರದ ಗುಳಿಗಳೆಲ್ಲ ತುಂಬಿ ಕಲ್ಲು ನುಣ್ಣಗಾಗಿತ್ತು. ಇಂಥದೇ ಒಂದು ಗುಂಪಿನವರು ತಿಳಿದವರನ್ನು ಕರೆಸಿ, ಕಲ್ಲಿಗೆ ಪೆಟ್ಟಾಗದಂತೆ ಬಣ್ಣ ಬಿಡಿಸಿ, ಪಡಿಯಚ್ಚು ತೆಗೆಸಿ, ಶಹಾಬಾದಿ ಫರ್ಸಿಯ ಒಂದು ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸಿದರು. ಖರ್ಚನ್ನು ರೂಲಿನ ಹಾಳೆಯ ಮೇಲೆ ಬರೆದು ಗುಡಿಯ ಬಾಗಿಲಿಗೇ ಅಂಟಿಸಿದ್ದರು: ಟಂಟಂ ಬಾಡಿಗೆ, ಕಲ್ಲು, ಸುಣ್ಣ, ಗೌಂಡಿಯ ಪಗಾರ, ಬಂದವರ ಊಟ, ಉಳಿದದ್ದು ಇಷ್ಟು, ಯಾರ ಕೈಯಲ್ಲಿದೆ. ಕೊಟ್ಟವರೂ ಕೊಡದವರೂ ನಿಂತು ಓದುತ್ತಿದ್ದರು. ಆ ಹಾಳೆಗಿಂತ ಹೆಚ್ಚಿನ ಆಡಿಟ್ ನಾನು ಕೇಳಲಾರೆ.

ಲೆಕ್ಕದ ಪುಸ್ತಕ, ಬೀದರ್

ಸುರಪುರದ ಅಕ್ಕನವರ ತಕರಾರನ್ನು ಒಪ್ಪುತ್ತೇನೆ. ಆ ಹಾಳೆಯಲ್ಲಿ ಕೆಲಸದ ಹೆಸರು, ಬಾಬುವಾರು ಖರ್ಚು, ಉಳಿಕೆ, ಜವಾಬ್ದಾರಿ ಎಲ್ಲವೂ ಇವೆ. ಮಾಸ್ತರರಿಗೆ ಬಂದ ಅರ್ಧ ಪುಟದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಉಳಿಕೆ ಹಣ ಒಬ್ಬರ ಕೈಯಲ್ಲಿ, ಅಥವಾ ಒಬ್ಬರ ಸ್ವಂತ ಖಾತೆಯಲ್ಲಿ ಬಹಳ ಕಾಲ ಇರಬಾರದು. ಇಬ್ಬರ ಸಹಿಯ ಜಂಟಿ ಖಾತೆ ತೆರೆಯಲು 80ಜಿ ಬೇಕಾಗಿಲ್ಲ.

ತೆರಿಗೆದಾರ, ಕಲಬುರಗಿ

ಪಟ್ಟಿಯ ಹೊರಗಿನ ಕಟ್ಟಡಗಳ ವಿಷಯದಲ್ಲಿ ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆಯುತ್ತೇನೆ. ಜಾಗೃತಿಯ ಉಪ್ಪಿಟ್ಟಿನ ವಿಷಯದಲ್ಲಿ ಪಡೆಯುವುದಿಲ್ಲ.

ನಿವೃತ್ತ ಮಾಸ್ತರ, ಕಲಬುರಗಿ

ಎಲ್ಲರ ಉತ್ತರಗಳನ್ನೂ ಓದಿಕೊಂಡು ಇಂದು ಟ್ರಸ್ಟಿನ ಕಾರ್ಯದರ್ಶಿಯವರಿಗೆ ಒಂದು ಪತ್ರ ಬರೆದಿದ್ದೇನೆ. ಸಂರಕ್ಷಣೆ ಎಂದು ತೋರಿಸಿದ ಮೊತ್ತ ಯಾವ ಯಾವ ಸ್ಥಳದಲ್ಲಿ ಎಷ್ಟೆಷ್ಟು ಖರ್ಚಾಯಿತು, ಅಲ್ಲಿ ಬಳಸಿದ್ದು ಸುಣ್ಣವೋ ಸಿಮೆಂಟೋ, ಹಿಂದೆ ಮುಗಿಸಿದ ಕೆಲಸಗಳನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದ್ದೇನೆ. ವಾರ್ಷಿಕ ದೇಣಿಗೆಯನ್ನು ಇನ್ನು ಮುಂದೆ ಸಾಮಾನ್ಯ ನಿಧಿಗೆ ಕೊಡುವುದಿಲ್ಲವೆಂದೂ, ಒಂದು ಗೊತ್ತಾದ ಕೆಲಸಕ್ಕೆ ಅಂದಾಜು ಪಟ್ಟಿ ಕಳಿಸಿದರೆ ಅದಕ್ಕೆಂದೇ ಕೊಡುವೆನೆಂದೂ, ಅದು ನಿರ್ವಹಣೆಯ ಕೆಲಸವಾದರೆ ಇನ್ನೂ ಸಂತೋಷವೆಂದೂ ತಿಳಿಸಿದ್ದೇನೆ. ಅವರು ಕಳಿಸುವ ಸ್ಥಳಗಳ ಪಟ್ಟಿಯಲ್ಲಿ ನಮ್ಮ ಹತ್ತಿರದ್ದೇನಾದರೂ ಇದ್ದರೆ ಖುದ್ದಾಗಿ ಹೋಗಿ ನೋಡಿಬರುತ್ತೇನೆ. ಸುರಪುರದ ತಾಯಿಯವರೇ, ಆ ಶಾಸನದ ಗುಂಪಿನವರು ಮುಂದೆ ಯಾವ ಕೆಲಸ ಕೈಗೆತ್ತಿಕೊಳ್ಳುತ್ತಿದ್ದಾರೆ, ಅವರಿಗೆ ಜಂಟಿ ಖಾತೆ ಇದೆಯೇ ಎಂದು ದಯವಿಟ್ಟು ತಿಳಿಸಿ.

ಗುಡ್ಡದ ಕೆಳಗಿನವಳು, ಸುರಪುರ

ಖಾತೆ ಇದೆ ಸರ್, ಗ್ರಾಮೀಣ ಬ್ಯಾಂಕಿನಲ್ಲಿ, ಇಬ್ಬರ ಸಹಿಯದು. ಈಗ ಊರಿನ ಹಳೆಯ ಮೆಟ್ಟಿಲು ಬಾವಿಯ ಹೂಳು ತೆಗೆಯುವ ಮಾತು ನಡೆದಿದೆ. ಅಂದಾಜು ಪಟ್ಟಿ ಇನ್ನೂ ಆಗಿಲ್ಲ. ಆದ ಕೂಡಲೇ ಅದರ ಚಿತ್ರ ತೆಗೆದು ಇಲ್ಲಿಯೇ ಹಾಕುತ್ತೇನೆ. ಬೀದರ್‌ನ ಅಣ್ಣನವರೂ ಒಮ್ಮೆ ಕಣ್ಣಾಡಿಸಲಿ, ಆಮೇಲೆ ತಾವು ಕೊಡುವ ವಿಚಾರ ಮಾಡಿ.